ದೂರು ಕೊಟ್ಟೆ, ಡ್ರೈವರ್ ಬದಲಾದ, ಟೈಮಿಂಗ್ ಬದಲಾಗಲಿಲ್ಲ

ಮಾನ್ಯ ಸಾರಿಗೆ ಸಚಿವರಿಗೆ, ಮಾನ್ಯ ಸಾರಿಗೆ ಆಯುಕ್ತರಿಗೆ, ಮತ್ತು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳ ಅಧ್ಯಕ್ಷರಾಗಿರುವ ಕರಾವಳಿಯ ಜಿಲ್ಲಾಧಿಕಾರಿಗಳಿಗೆ,

ವಿಷಯ: ಅಪಾಯಕಾರಿ ಚಾಲನೆಯ ಬಗ್ಗೆ ಪ್ರಯಾಣಿಕರು ಕೊಡುವ ದೂರುಗಳಿಗೆ ಒಂದು ದಾರಿ, ಒಂದು ಕೊನೆ ಬೇಕೆಂಬ ಮನವಿ.

ಮಾನ್ಯರೇ,

ನಾನು ಅವಿಭಜಿತ ದಕ್ಷಿಣ ಕನ್ನಡದ ಒಂದು ಪ್ರೌಢಶಾಲೆಯಲ್ಲಿ ಗಣಿತ ಟೀಚರ್. 19 ವರ್ಷಗಳಿಂದ ಹೆದ್ದಾರಿಯ ಖಾಸಗಿ ಬಸ್ಸಿನಲ್ಲೇ ಶಾಲೆಗೆ ಹೋಗಿ ಬರುತ್ತಿದ್ದೇನೆ. ಈ ಬಸ್ಸುಗಳ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ಊರುಗಳನ್ನು ಪೇಟೆಗೆ ಜೋಡಿಸಿದ್ದು ಇವೇ. ಬಾಣಂತಿಯನ್ನು ಮನೆಯ ಗೇಟಿನ ಎದುರೇ ಇಳಿಸಿದ ಕಂಡಕ್ಟರ್‌ಗಳನ್ನು ನೋಡಿದ್ದೇನೆ. ಪಾಸ್ ಮರೆತು ಬಂದ ಮಗುವನ್ನು "ನಾಳೆ ತೋರಿಸು" ಎಂದು ಹತ್ತಿಸಿಕೊಂಡವರನ್ನೂ ನೋಡಿದ್ದೇನೆ. ಹಾಗಾಗಿ ಇದನ್ನು ಬಸ್ಸಿನವರ ವಿರುದ್ಧ ಬರೆದ ಪತ್ರ ಎಂದು ದಯವಿಟ್ಟು ಓದಬೇಡಿ. ಬಸ್ಸಿನಲ್ಲಿ ಹೋಗುವವರ ಪರವಾಗಿ, ಬಸ್ಸು ಓಡಿಸುವವರ ಪರವಾಗಿಯೂ ಬರೆದದ್ದು ಎಂದು ಓದಿ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಜೋರು ಮಳೆ. ನಮ್ಮ 8.10ರ ಬಸ್ಸು ಆ ದಿನ ಮೂರು ನಿಮಿಷ ತಡವಾಗಿತ್ತು. ನಮ್ಮ ನಂತರದ ಟೈಮಿಂಗಿನ ಬಸ್ಸು ಆಗಲೇ ಬೆನ್ನಿಗೆ ಅಂಟಿಕೊಂಡು ಹಾರ್ನ್ ಹೊಡೆಯುತ್ತಿತ್ತು. ಒಂದು ಸ್ಟಾಪಿನಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಇಳಿಯುತ್ತಿದ್ದರು. ಬೀಡಿ ಕಟ್ಟಿ ಕಂಪನಿಯ ಬ್ರಾಂಚಿಗೆ ಕೊಡಲು ಹೊರಟವರು. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಬೀಡಿಯ ಚೀಲ. ಅವರ ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಫುಟ್‌ಬೋರ್ಡಿನಲ್ಲೇ ಇತ್ತು. ಅಷ್ಟರಲ್ಲಿ ಕಂಡಕ್ಟರ್ ಬಸ್ಸಿನ ಬದಿಗೆ ಎರಡು ಸಲ ಬಡಿದು "ಪೋಯಿ, ಪೋಯಿ" ಎಂದ. ಬಸ್ಸು ಜಿಗಿಯಿತು.

ಅವರು ಮುಖ ಕೆಳಗಾಗಿ ಬಿದ್ದರು. ಚೀಲ ಒಡೆದು ಬೀಡಿ ಕಟ್ಟುಗಳೆಲ್ಲ ಕೆಂಪು ನೀರಿನಲ್ಲಿ ಹರಡಿದವು. ಕೈಗೆ ಏನಾಯಿತೆಂದು ಅವರು ನೋಡಲೇ ಇಲ್ಲ. ಎಡಗೈಯಲ್ಲಿ ಬೀಡಿ ಆರಿಸುತ್ತಿದ್ದರು. ಬಲಗೈ ಮಣಿಕಟ್ಟಿನಿಂದ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು. ಬಸ್ಸು ನೂರಡಿ ಮುಂದೆ ಹೋಗಿ ನಿಂತಿತು. ಕಂಡಕ್ಟರ್ ಓಡಿ ಬಂದು ಅವರನ್ನು ಎಬ್ಬಿಸಿ ಕೂರಿಸಿ, ಇನ್ನೂರು ರೂಪಾಯಿ ಕೈಗಿಟ್ಟು ಓಡಿ ಹೋದ. ಅಷ್ಟರೊಳಗೆ ಹಿಂದಿನ ಬಸ್ಸು ನಮ್ಮನ್ನು ದಾಟಿ ಆಗಿತ್ತು. ನಾನು ಅಲ್ಲೇ ಇಳಿದುಕೊಂಡೆ. ಸ್ಟ್ಯಾಂಡಿನಲ್ಲಿದ್ದ ಒಬ್ಬ ಆಟೋದವರು ಬಾಡಿಗೆಯನ್ನೂ ಕೇಳದೆ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಮೊದಲು ಚಾಲಕನ ಅಥವಾ ವಾಹನದ ಉಸ್ತುವಾರಿ ಇರುವವರ ಹೊಣೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134 ಹಾಗೆ ಹೇಳುತ್ತದೆ. ಆ ದಿನ ಆ ಹೊಣೆ ಹೊತ್ತದ್ದು ಆಟೋದವರು.

ನಾನು ದೂರು ಕೊಡಲು ಹೊರಟೆ. ಮೊದಲು ಹೋದ ಠಾಣೆಯಲ್ಲಿ "ಇದು ಟ್ರಾಫಿಕ್‌ನವರಿಗೆ ಬರುತ್ತದೆ" ಎಂದರು. ಟ್ರಾಫಿಕ್ ಠಾಣೆಯಲ್ಲಿ "ಬಿದ್ದವರು ಬಂದು ಕೊಡಲಿ" ಎಂದರು. ಬಿದ್ದವರಿಗೆ ಠಾಣೆ ಎಂದರೇ ಹೆದರಿಕೆ. "ಬೇಡ ಟೀಚರೇ, ನಾಳೆ ಅದೇ ಬಸ್ಸಿಗೆ ಹತ್ತಬೇಕಲ್ಲ" ಎಂದರು. ಕೊನೆಗೆ ಸಾರಿಗೆ ಕಚೇರಿಗೆ ಹೋದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ: "ಡ್ರೈವರ್ ಹೆಸರು ಗೊತ್ತುಂಟಾ?" ಎರಡನೆಯದು: "ವಿಡಿಯೋ ಉಂಟಾ?"

ನನಗೆ ಬಸ್ಸಿನ ನಂಬರ್ ಗೊತ್ತಿತ್ತು. ದಿನ, ಹೊತ್ತು, ಜಾಗ ಗೊತ್ತಿತ್ತು. ಡ್ರೈವರ್ ಹೆಸರು ಹೇಗೆ ಗೊತ್ತಾಗಬೇಕು? ಆ ವಾಹನವನ್ನು ಆ ಹೊತ್ತಿನಲ್ಲಿ ಯಾರು ಓಡಿಸುತ್ತಿದ್ದರು ಎಂದು ಅಧಿಕಾರವಿರುವ ಪೊಲೀಸರು ಕೇಳಿದರೆ ಮಾಲೀಕರು ಹೇಳಲೇಬೇಕು. ಅದೇ ಕಾಯ್ದೆಯ ಸೆಕ್ಷನ್ 133 ಇರುವುದೇ ಅದಕ್ಕೆ. ಒಂದು ಪತ್ರದಲ್ಲಿ ತಿಳಿಯಬಹುದಾದ ಹೆಸರನ್ನು ಪ್ರಯಾಣಿಕರು ಹುಡುಕಿ ತರಬೇಕು ಅನ್ನುವುದು ಸರಿಯಲ್ಲ. ಹಾಗೆ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಅಲ್ಲಿಂದಲೇ ಮನೆಗೆ ಹೋಗುತ್ತಾರೆ.

ನಾನು ಹೋಗಲಿಲ್ಲ. ಕಚೇರಿಯ ಟಪಾಲು ವಿಭಾಗದಲ್ಲಿ ದೂರು ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ. ದೂರಿಗೆ ನಂಬರ್ ಕೊಡಲಿಲ್ಲ. ಯಾರು ವಿಚಾರಿಸುತ್ತಾರೆ, ಯಾವಾಗ ಉತ್ತರ ಬರುತ್ತದೆ ಎಂದು ಹೇಳಲಿಲ್ಲ. ಆದರೆ ಹನ್ನೊಂದನೆಯ ದಿನ ಒಂದು ಫೋನ್ ಬಂತು. ಇಲಾಖೆಯಿಂದಲ್ಲ, ಬಸ್ಸಿನ ಮಾಲೀಕರ ಕಡೆಯಿಂದ. "ಟೀಚರ್ ಅಲ್ವಾ ನೀವು? ದಿನಾ ನಮ್ಮ ಬಸ್ಸಲ್ಲೇ ಬರುವುದಲ್ವಾ? ಸುಮ್ನೆ ಇದೆಲ್ಲ ಯಾಕೆ?" ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ನನ್ನ ಕೈ ನಡುಗಿತು. ನನ್ನ ಫೋನ್ ನಂಬರನ್ನು ನಾನು ಬರೆದುಕೊಟ್ಟದ್ದು ಆ ದೂರಿನ ಹಾಳೆಯಲ್ಲಿ ಮಾತ್ರ.

ನಾನು ಸರ್ಕಾರಿ ಸಂಬಳದ ಶಿಕ್ಷಕಿ. ನನಗೇ ಹೀಗಾದರೆ, ಕತ್ತಲಲ್ಲಿ ಕೊನೆಯ ಬಸ್ಸಿಗೆ ಒಬ್ಬಳೇ ಹತ್ತುವ ಬಟ್ಟೆ ಅಂಗಡಿಯ ಹುಡುಗಿ ದೂರು ಕೊಟ್ಟಾಳೇ? ದೂರು ಕೊಟ್ಟವರ ಹೆಸರು, ಫೋನ್ ನಂಬರ್ ಯಾವ ಕಾರಣಕ್ಕೂ ಮಾಲೀಕರ ಕೈಗೆ ಹೋಗಬಾರದು. ನನ್ನ ಬೇಡಿಕೆಗಳಲ್ಲಿ ಇದು ಮೊದಲನೆಯದು. ಇದಕ್ಕೆ ಹೊಸ ಕಾನೂನು, ಹೊಸ ದುಡ್ಡು ಏನೂ ಬೇಡ. ಒಂದು ಸುತ್ತೋಲೆ ಸಾಕು.

ಸುಮಾರು ಒಂದು ತಿಂಗಳ ನಂತರ ಶಾಲೆಯ ಗೇಟಿನ ಹತ್ತಿರ ಒಬ್ಬ ಹುಡುಗ ಕಾಯುತ್ತಿದ್ದ. ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಆ ದಿನದ ಡ್ರೈವರ್. ಜಗಳಕ್ಕೆ ಬಂದಿದ್ದಾನೆ ಎಂದು ಹೆದರಿದೆ. ಅವನು ಕೇಳಿದ್ದು, "ಟೀಚರೇ, ಆ ಅಮ್ಮನ ಕೈ ಹೇಗುಂಟು?"

ಅವನನ್ನು ಕೆಲಸದಿಂದ ತೆಗೆದಿದ್ದರು. ತಪ್ಪು ತನ್ನದೇ ಎಂದ. ಕನ್ನಡಿ ನೋಡದೆ ಬಸ್ಸು ಎತ್ತಿದ್ದು ತಪ್ಪು ಎಂದ. ಆಮೇಲೆ ಶಾಲೆಯ ಜಗಲಿಯಲ್ಲಿ ಕೂತು ಅರ್ಧ ಗಂಟೆ ಮಾತಾಡಿದ. ಬೆಳಿಗ್ಗೆ ಆರಕ್ಕೆ ಸ್ಟೀರಿಂಗ್ ಹಿಡಿದರೆ ಬಿಡುವುದು ರಾತ್ರಿ ಎಂಟಕ್ಕೆ. ತಡವಾದರೆ ಟೈಮ್ ಕೀಪರ್ ಹತ್ತಿರ ಜಗಳ. ಹಿಂದಿನ ಬಸ್ಸಿನವರು ದಾರಿಯಲ್ಲೇ ಅಡ್ಡ ಹಾಕಿ ಬೈಯುತ್ತಾರೆ. ಕಲೆಕ್ಷನ್ ಕಮ್ಮಿಯಾದರೆ ಬತ್ತಾ ಕಮ್ಮಿ. "ನಿಧಾನ ಹೋಗಿ ಅಂತ ಯಾರೂ ಹೇಳೂದಿಲ್ಲ ಟೀಚರೇ. ಟೈಮಿಗೆ ಮುಟ್ಟು ಅಂತಲೇ ಹೇಳೂದು."

ಅವನು ಹೋದ ಮೇಲೆ ನಾನು ಲೆಕ್ಕ ಹಾಕಿದೆ. ನಮ್ಮ ಬಸ್ಸಿನ ದಾರಿ 34 ಕಿ.ಮೀ. ಕೊಟ್ಟಿರುವ ಸಮಯ 55 ನಿಮಿಷ. ನಿಲ್ಲುವ ಜಾಗ 26. ಒಂದೊಂದು ಸ್ಟಾಪಿಗೆ ಅರ್ಧ ನಿಮಿಷ ಎಂದರೂ 13 ನಿಮಿಷ ನಿಲ್ಲುವುದಕ್ಕೇ ಹೋಯಿತು. ಉಳಿದದ್ದು 42 ನಿಮಿಷ. ಅಂದರೆ ಓಡುವಷ್ಟು ಹೊತ್ತೂ ಗಂಟೆಗೆ 48 ಕಿ.ಮೀ.ಗಿಂತ ಜಾಸ್ತಿ ಸರಾಸರಿ ವೇಗ ಬೇಕು. ಈ ದಾರಿಯಲ್ಲಿ ಎರಡು ಪೇಟೆ, ನಾಲ್ಕು ಶಾಲೆ, ಪೊಲೀಸರ ಬ್ಯಾರಿಕೇಡ್, ಸರ್ವಿಸ್ ರಸ್ತೆಯ ಹೊಂಡ, ಮಳೆ ಎಲ್ಲ ಇವೆ. ಅಲ್ಲೆಲ್ಲ ಇಪ್ಪತ್ತು ಮೂವತ್ತರಲ್ಲಿ ಹೋಗಿ, ಒಟ್ಟಿಗೆ 48ರ ಸರಾಸರಿ ತರಬೇಕಾದರೆ ಉಳಿದ ಕಡೆ ಎಷ್ಟರಲ್ಲಿ ಹೋಗಬೇಕು? ಈ ಪ್ರಶ್ನೆಯನ್ನು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕೊಟ್ಟೆ. ಲೆಕ್ಕ ಮಾಡಿದ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅಮ್ಮಂದಿರಿಗೆ ಇಳಿಯಲಿಕ್ಕೆ ಅರ್ಧ ನಿಮಿಷ ಸಾಕಾಗುವುದಿಲ್ಲ" ಎಂದಳು.

ಮಾನ್ಯರೇ, ನಾನು ಹೇಳಬೇಕಾದ ವಿಷಯ ಇದು. ದೂರು ಕೊಟ್ಟೆ, ಹುಡುಗನ ಕೆಲಸ ಹೋಯಿತು. ಮರುವಾರ ಅದೇ ಬಸ್ಸಿಗೆ ಇನ್ನೊಬ್ಬ ಹುಡುಗ ಬಂದ. ಅದೇ 55 ನಿಮಿಷ, ಅದೇ ಟೈಮ್ ಕೀಪರ್, ಅದೇ ಹಾರ್ನ್. ತೆರೆದೇ ಇರುವಂತೆ ಹಗ್ಗದಲ್ಲಿ ಕಟ್ಟಿಟ್ಟ ಬಾಗಿಲು ಹಾಗೇ ಇತ್ತು. ಒಂದು ದೂರಿನಿಂದ ಒಂದು ಮನೆಯ ಅನ್ನ ಹೋಯಿತು, ಅಪಾಯ ಮಾತ್ರ ಹೋಗಲಿಲ್ಲ. ಇದನ್ನು ನ್ಯಾಯ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಕಾನೂನಿನಲ್ಲಿ ಕೊರತೆ ಇದೆಯಾ ಎಂದು ಹುಡುಕಿದೆ. ಓದುತ್ತಾ ಹೋದಂತೆ ನನಗೇ ಆಶ್ಚರ್ಯವಾಯಿತು. ಅಪಾಯಕಾರಿ ಚಾಲನೆಗೆ ಸೆಕ್ಷನ್ 184 ಇದೆ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅತಿ ವೇಗಕ್ಕೆ ಸೆಕ್ಷನ್ 183. ಓಡಿಸಿದವನನ್ನು ಮಾತ್ರವಲ್ಲ, ತನ್ನ ಕೈಕೆಳಗಿನವನಿಂದ ಹಾಗೆ ಓಡಿಸಿದವರನ್ನೂ ಆ ಸೆಕ್ಷನ್ ಹಿಡಿಯುತ್ತದೆ. ಅದರ ನಾಲ್ಕನೆಯ ಉಪಕಲಮನ್ನು ನಾನು ಮೂರು ಸಲ ಓದಿದೆ. ವೇಗದ ಮಿತಿ ಮೀರದೆ ಮುಟ್ಟಲು ಸಾಧ್ಯವಿಲ್ಲದಂಥ ವೇಳಾಪಟ್ಟಿಯನ್ನು ಯಾರಾದರೂ ಹೊರಡಿಸಿದರೆ, ಇಷ್ಟೇ ಹೊತ್ತಿನಲ್ಲಿ ಮುಟ್ಟಬೇಕು ಎಂದು ಹೇಳಿದರೆ, ಆ ಪಟ್ಟಿ ಅಥವಾ ಆ ಮಾತೇ ಅವರ ತಪ್ಪಿಗೆ ಮೇಲ್ನೋಟದ ಸಾಕ್ಷಿ. ಅದು ಪಾಲಿಸಲಾಗದ ವೇಳಾಪಟ್ಟಿ ಎಂದು ನ್ಯಾಯಾಲಯಕ್ಕೆ ಅನ್ನಿಸಿದರೆ ಸಾಕು. 1988ರ ಕಾಯ್ದೆಯಲ್ಲೇ ಇದೆ ಇದು. ಆ ಹುಡುಗ ಜಗಲಿಯಲ್ಲಿ ಕೂತು ಹೇಳಿದ ಮಾತನ್ನು ಕಾಯ್ದೆ ಬರೆದವರು ಅಷ್ಟು ಹಿಂದೆಯೇ ಯೋಚಿಸಿದ್ದರು.

ಇನ್ನು ಪರ್ಮಿಟ್. ವೇಗದ ಮಿತಿ ಮೀರಿ ಓಡಿಸಬಾರದು ಎನ್ನುವುದು ಸೆಕ್ಷನ್ 84ರ ಪ್ರಕಾರ ಪ್ರತಿ ಪರ್ಮಿಟ್ಟಿನ ಷರತ್ತು. ಷರತ್ತು ಮುರಿದರೆ ಸೆಕ್ಷನ್ 86ರಲ್ಲಿ ಪರ್ಮಿಟ್ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಪ್ರಾಧಿಕಾರಕ್ಕಿದೆ. ಅಂದರೆ, ಜಿಲ್ಲಾಧಿಕಾರಿಗಳೇ, ನಿಮಗಿದೆ. ವೇಳಾಪಟ್ಟಿಗೆ ಒಪ್ಪಿಗೆ ಕೊಡುವುದೂ ನಿಮ್ಮ ಅಧ್ಯಕ್ಷತೆಯ ಪ್ರಾಧಿಕಾರವೇ. ಹಾಗಿದ್ದ ಮೇಲೆ ನನ್ನ ದೂರು ಡ್ರೈವರ್ ಹತ್ತಿರ ನಿಂತು ಹೋಗಬಾರದಿತ್ತು. ಪರ್ಮಿಟ್ಟಿನ ಕಡತಕ್ಕೆ ಹೋಗಬೇಕಿತ್ತು.

ಆದ್ದರಿಂದ ಒಂದು ಬಸ್ಸಿನ ಮೇಲೆ ಬಂದ ಪ್ರತಿ ದೂರನ್ನೂ ಅದರ ಪರ್ಮಿಟ್ ನಂಬರಿಗೆ ಸೇರಿಸಿ ಇಡಿ ಎಂದು ಕೇಳುತ್ತೇನೆ. ಪ್ರಾಧಿಕಾರದ ಸಭೆಯಲ್ಲಿ ಪರ್ಮಿಟ್ ನವೀಕರಣ, ಟೈಮಿಂಗ್ ಬದಲಾವಣೆಯ ಅರ್ಜಿಗಳು ಬಂದಾಗ ಆ ದೂರುಗಳೂ ಮೇಜಿನ ಮೇಲಿರಲಿ. ಒಂದೇ ದಾರಿಯ ಬಗ್ಗೆ, ಒಂದೇ ಹೊತ್ತಿನ ಬಗ್ಗೆ ಐದಾರು ದೂರು ಬಂದರೆ ಅಲ್ಲಿ ಕೆಟ್ಟಿರುವುದು ಐದಾರು ಡ್ರೈವರ್‌ಗಳಲ್ಲ, ಆ ವೇಳಾಪಟ್ಟಿ. ಹೆದ್ದಾರಿ ಅಗಲವಾಯಿತು, ಸರ್ಕಲ್‌ಗಳು ಬಂದವು, ಸರ್ವಿಸ್ ರಸ್ತೆ ಬಂತು, ವಾಹನಗಳು ಎಷ್ಟೋ ಪಟ್ಟು ಜಾಸ್ತಿಯಾದವು. ಬಸ್ಸಿನ ಟೈಮಿಂಗ್ ಮಾತ್ರ ಹಳೆಯದೇ. ನಿಮ್ಮ ಇನ್‌ಸ್ಪೆಕ್ಟರ್ ಒಬ್ಬರು ಗಡಿಯಾರ ಹಿಡಿದು, ಯೂನಿಫಾರ್ಮ್ ಇಲ್ಲದೆ, ಒಂದು ವಾರ ಬಸ್ಸಿನಲ್ಲಿ ಕೂತು ಅಳೆಯಲಿ. ಬರುವ ಉತ್ತರವನ್ನು ನಾನು ಒಪ್ಪುತ್ತೇನೆ.

ಡ್ರೈವರ್‌ಗಳ ತಪ್ಪನ್ನು ಮುಚ್ಚಿಡಿ ಎಂದು ನಾನು ಕೇಳುತ್ತಿಲ್ಲ. ಫೋನ್ ಕಿವಿಗಿಟ್ಟು ಓಡಿಸುವವರು ಇದ್ದಾರೆ. ತಿರುವಿನಲ್ಲಿ ಓವರ್‌ಟೇಕ್ ಮಾಡಿ ಎದುರಿನ ಬೈಕಿನವನನ್ನು ಮಣ್ಣಿಗಿಳಿಸುವವರು ಇದ್ದಾರೆ. ಅಂಥವರ ಲೈಸೆನ್ಸ್ ಅಮಾನತು ಆಗಲೇಬೇಕು. ಅತಿ ವೇಗ, ಸಿಗ್ನಲ್ ಹಾರುವುದು, ಕುಡಿದು ಓಡಿಸುವುದು, ಫೋನ್ ಬಳಕೆ ಇಂಥ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಆದರೆ ಅಮಾನತಿಗೆ ಮೊದಲು ಅವನನ್ನು ಕರೆದು ಕೇಳಿ. ಸುಳ್ಳು ದೂರು ಕೊಡುವವರೂ ಇರುತ್ತಾರೆ. ಚಿಲ್ಲರೆಗೆ ಜಗಳವಾದ ಸಿಟ್ಟಿಗೆ ದೂರು ಬರೆದವರನ್ನು ನಾನೇ ಕಂಡಿದ್ದೇನೆ. ಮಾಲೀಕರು ಫೋನಿನಲ್ಲಿ "ನಾಳೆಯಿಂದ ಬರಬೇಡ" ಎಂದು ಮುಗಿಸುವುದು ವಿಚಾರಣೆ ಅಲ್ಲ.

ನಿಜ ಯಾವುದು ಎಂದು ತಿಳಿಯುವ ಸಾಧನವೂ ಇದೆ. 2019ರ ಜನವರಿಯಿಂದ ನೋಂದಣಿಯಾಗುವ ಹೊಸ ಬಸ್ಸು, ಟ್ಯಾಕ್ಸಿಗಳಲ್ಲಿ ವಾಹನ ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಸಾಧನ ಮತ್ತು ತುರ್ತು ಗುಂಡಿ ಇರಬೇಕೆಂದು ಕೇಂದ್ರದ ನಿಯಮವಿದೆ. ವಾಣಿಜ್ಯ ವಾಹನಗಳಿಗೆ ಗಂಟೆಗೆ 80 ಕಿ.ಮೀ. ದಾಟದಂತೆ, ಶಾಲಾ ಬಸ್ಸು, ಟಿಪ್ಪರ್, ಟ್ಯಾಂಕರ್‌ಗಳಿಗೆ 60 ದಾಟದಂತೆ ಸ್ಪೀಡ್ ಗವರ್ನರ್ ಬೇಕು ಎಂಬ ನಿಯಮ ಅದಕ್ಕೂ ಹಳೆಯದು. ದೂರಿನಲ್ಲಿ ಹೇಳಿದ ದಿನದ ವೇಗದ ದಾಖಲೆ ತರಿಸಿ ನೋಡಿದರೆ ಪ್ರಯಾಣಿಕರ ಮಾತು ನಿಜವೋ ಡ್ರೈವರ್ ಮಾತು ನಿಜವೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆ ದಾಖಲೆ ತಪ್ಪಿತಸ್ಥನನ್ನು ಹಿಡಿದುಕೊಡುತ್ತದೆ, ನಿರಪರಾಧಿಯನ್ನು ಉಳಿಸುತ್ತದೆ.

ನೋಡುವವರು ಬೇಕು, ಅಷ್ಟೆ. 2022ರ ಅಕ್ಟೋಬರಿನಲ್ಲಿ ಪಕ್ಕದ ಕೇರಳದ ವಡಕ್ಕಂಚೇರಿಯಲ್ಲಿ ಏನಾಯಿತು ಎಂದು ನಿಮಗೆ ನೆನಪಿರಬಹುದು. ಊಟಿ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುತ್ತಿದ್ದ ಟೂರಿಸ್ಟ್ ಬಸ್ಸು ರಾತ್ರಿ ಸರ್ಕಾರಿ ಬಸ್ಸಿಗೆ ಹಿಂದಿನಿಂದ ಗುದ್ದಿತು. 9 ಜನ ತೀರಿಹೋದರು. ಅವರಲ್ಲಿ 5 ಜನ ಶಾಲಾ ಮಕ್ಕಳು. ಬಸ್ಸು ಆಗ ಗಂಟೆಗೆ 97 ಕಿ.ಮೀ. ವೇಗದಲ್ಲಿತ್ತು ಎಂದು ಗೊತ್ತಾದದ್ದು ಜಿಪಿಎಸ್ಸಿನಿಂದಲೇ, ಎಲ್ಲ ಮುಗಿದ ಮೇಲೆ. ಪ್ರತಿ ಡಿಸೆಂಬರಿನಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವವಳು ನಾನು. ಆ ಸುದ್ದಿಯ ನಂತರ ರಾತ್ರಿ ಪ್ರಯಾಣದ ಬಸ್ಸಿನಲ್ಲಿ ನಾನು ನಿದ್ದೆ ಮಾಡಿಲ್ಲ.

ದೂರು ಕೊಡುವ ಕ್ರಮದ ಬಗ್ಗೆ ನನ್ನ ಕೋರಿಕೆ ದೊಡ್ಡದೇನಲ್ಲ. ನಮ್ಮದೇ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಹಾಕಿದರೆ ನಂಬರ್ ಸಿಗುತ್ತದೆ, ಇಷ್ಟು ದಿನದೊಳಗೆ ಎಂಬ ಗಡುವು ಇದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಲೈಸೆನ್ಸ್ ಪಡೆಯಲು ಗಡುವು ಇರುವಾಗ, ಲೈಸೆನ್ಸ್ ಇದ್ದವನು ಜೀವ ತೆಗೆಯುವಂತೆ ಓಡಿಸುತ್ತಾನೆ ಎಂಬ ದೂರಿಗೆ ಯಾಕೆ ಗಡುವಿಲ್ಲ? ದೂರು ಕೊಟ್ಟ ಕೂಡಲೇ ಒಂದು ನಂಬರ್ ಕೊಡಿ. ಮೂವತ್ತು ದಿನದೊಳಗೆ ಏನು ಮಾಡಿದೆವು ಎಂದು ಎರಡು ಸಾಲು ಬರೆದು ತಿಳಿಸಿ. "ವಿಚಾರಿಸಿದೆವು, ತಪ್ಪು ಕಾಣಲಿಲ್ಲ" ಎಂದಾದರೂ ಸರಿ. ಪೊಲೀಸರು ಮತ್ತು ಸಾರಿಗೆ ಇಲಾಖೆ ತಮ್ಮೊಳಗೆ ಯಾರಿಗೆ ಬರುತ್ತದೆ ಎಂದು ತೀರ್ಮಾನ ಮಾಡಿಕೊಳ್ಳಲಿ. ಮುರಿದ ಕೈ ಹಿಡಿದುಕೊಂಡವರು ಮೂರು ಮೆಟ್ಟಿಲು ಹತ್ತುವಂತಾಗಬಾರದು.

ದೂರಿನ ಫೋನ್ ನಂಬರ್ ಬಸ್ಸಿನೊಳಗೆ, ಡ್ರೈವರ್ ಸೀಟಿನ ಹಿಂದೆ, ದೊಡ್ಡ ಕನ್ನಡ ಅಕ್ಷರದಲ್ಲಿ ಇರಲಿ. ಹೊರಗೆ, ಹಿಂಬದಿಯಲ್ಲೂ ಇರಲಿ. ಯಾಕೆಂದರೆ ಬಸ್ಸಿನಿಂದ ಹೆದರುವವರು ಬಸ್ಸಿನ ಒಳಗೆ ಮಾತ್ರ ಇಲ್ಲ. ಟಿಪ್ಪರ್, ಮೀನಿನ ಲಾರಿ, ಗ್ಯಾಸ್ ಟ್ಯಾಂಕರ್‌ಗಳಿಗೂ ಇದೇ ನಿಯಮ ಬರಲಿ. ಫೋನ್ ಎತ್ತುವವರು ತುಳು, ಕೊಂಕಣಿ, ಬ್ಯಾರಿ ಬಲ್ಲವರಾದರೆ ನಮ್ಮ ಕಡೆಯ ಹಿರಿಯರಿಗೆ ಧೈರ್ಯ.

ಇನ್ನೊಂದು ಮಾತು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದಿತ್ತು. ಆ ಹುಡುಗ ಹೇಳಿದ್ದು ಬೆಳಿಗ್ಗೆ ಆರರಿಂದ ರಾತ್ರಿ ಎಂಟು. ಅಪಾಯಕಾರಿ ಚಾಲನೆಯ ಯಾವುದೇ ದೂರು ಬಂದಾಗ ಡ್ರೈವರ್ ಆ ದಿನ ಎಷ್ಟನೇ ಗಂಟೆಯ ಕೆಲಸದಲ್ಲಿದ್ದ, ಅವನಿಗೆ ಕೊಡುವುದು ಸಂಬಳವೋ ಕಲೆಕ್ಷನ್ನಿನ ಮೇಲಿನ ಪಾಲೋ, ಇವೆರಡನ್ನೂ ಕೇಳಿ ದಾಖಲಿಸಿ. ಮಾಲೀಕರಿಗೂ ಕಷ್ಟ ಇದೆ ಎಂದು ಬಲ್ಲೆ. ಡೀಸೆಲ್, ತೆರಿಗೆ, ವಿಮೆ ಎಲ್ಲ ಏರಿದೆ. ಅದಕ್ಕೆ ಪರಿಹಾರ ಬೇರೆ ಹುಡುಕಬೇಕು. ಎರಡು ಬಸ್ಸುಗಳ ನಡುವೆ ಇನ್ನೂ ಐದು ನಿಮಿಷ ಅಂತರ ಕೊಟ್ಟರೆ ಪೈಪೋಟಿ ತಣ್ಣಗಾಗಬಹುದು ಎಂದು ಆ ಹುಡುಗನೇ ಹೇಳಿದ. ಪ್ರಯಾಣಿಕರಾದ ನಾವೂ "ಬೇಗ ಬಿಡಿ ಮಾರಾಯ್ರೆ" ಎನ್ನುವುದನ್ನು ನಿಲ್ಲಿಸಬೇಕು. ನಾನು ನಿಲ್ಲಿಸಿದ್ದೇನೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರದ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ನಾನು ನೋಡಿದ ಆ ಹೆಂಗಸು ಇಂಥ ಯಾವ ಲೆಕ್ಕದಲ್ಲೂ ಇಲ್ಲ. ಅವರು ಸಾಯಲಿಲ್ಲ, ಕೇಸೂ ಆಗಲಿಲ್ಲ. ಕೈ ಕೂಡಿದೆ, ಆದರೆ ಸೊಟ್ಟ. ಬೀಡಿ ಎಲೆ ಸುರುಳಿ ಮಾಡಿ ತುದಿ ಮಡಚಲು ಬೆರಳು ಬಗ್ಗುವುದಿಲ್ಲ. ಮೊದಲು ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಿದ್ದರು. ಈಗ ಮಗಳು ಕಟ್ಟಿದ್ದನ್ನು ಎಣಿಸಿ ಕಟ್ಟು ಮಾಡಿಕೊಡುತ್ತಾರೆ. ಬ್ರಾಂಚಿಗೆ ನಡೆದುಕೊಂಡೇ ಹೋಗುತ್ತಾರೆ, ಮೂರು ಕಿಲೋಮೀಟರ್.

ನನ್ನ ದೂರಿನ ಪ್ರತಿ ಮೊಹರು ಸಮೇತ ನನ್ನ ಹತ್ತಿರ ಇದೆ. ಆ ಬಸ್ಸು ಈಗಲೂ 8.10ಕ್ಕೆ ಹೊರಡುತ್ತದೆ, 9.05ಕ್ಕೆ ಮುಟ್ಟಬೇಕು. ಮುಂದಿನ ಪ್ರಾಧಿಕಾರ ಸಭೆಯ ಮೊದಲು ನಿಮ್ಮವರು ಯಾರಾದರೂ ಒಂದು ದಿನ ಅದರಲ್ಲಿ ಬರಲಿ. ಮುಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ ಕೂರಲಿ. ಇಳಿಯುವವರ ಕಾಲು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ದಿನಾ ಬಸ್ಸಿನಲ್ಲಿ ಓಡಾಡುವ ಒಬ್ಬ ಶಿಕ್ಷಕಿ